ಲಾರಿಯ ಹೊಟ್ಟೆಗೆ ಹಿಡಿದ ತುಕ್ಕು

ಲಾರಿ ಇಟ್ಟವರಿಗೆಲ್ಲ ಒಂದು ಚಾಳಿ. ಲಾರಿಯ ಮುಖಕ್ಕೆ ಮಾಡುವ ಸಿಂಗಾರದಲ್ಲಿ ಕಾಲುಪಾಲನ್ನೂ ಅದರ ಹೊಟ್ಟೆಯ ಕಡೆ ಮಾಡುವುದಿಲ್ಲ. ನಾನೂ ಅದೇ ಜಾತಿಯವನು. ಬಿ.ಎ. ಓದಿದರೂ ಯಾವ ಕಚೇರಿಯೂ ಕರೆಯದೆ, ಅಪ್ಪ ಬಿಟ್ಟುಹೋದ ಲಾರಿಯನ್ನೇ ನಂಬಿ ಹೊಳೆನರಸೀಪುರದಲ್ಲಿ ಸಂಸಾರ ಹೂಡಿದ್ದ ಕಾಲ ಅದು; ಐವತ್ತರ ದಶಕದ ಕೊನೆ ಇರಬೇಕು. ಲಾರಿಯ ಮುಂಭಾಗಕ್ಕೆ ಹಸಿರು ಬಣ್ಣ, ಬಾನೆಟ್ಟಿಗೆ ದಿನವೂ ಚೆಂಡುಹೂವಿನ ಹಾರ. ಸಾಗಿಸುತ್ತಿದ್ದದ್ದು ಮಾತ್ರ ರೈಲ್ವೆ ಸ್ಟೇಷನ್ನಿನಿಂದ ಅರಕಲಗೂಡು, ಕೊಣನೂರಿನ ಅಂಗಡಿಗಳಿಗೆ ಉಪ್ಪಿನ ಮೂಟೆ. ಮಳೆಗಾಲದಲ್ಲಿ ಮೂಟೆಗಳು ಬೆವರಿ, ಆ ಉಪ್ಪುನೀರು ಹಲಗೆಯ ಸಂದಿಯಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಬಿ.ಎ. ಪಾಸಾದವನು ಒಂದು ದಿನವೂ ಯೋಚಿಸಿರಲಿಲ್ಲ.

ಅರಕಲಗೂಡಿನ ಹತ್ತಿರ ಒಮ್ಮೆ ಪಂಕ್ಚರಾದಾಗ ಬಗ್ಗಿ ನೋಡಿದೆ. ಲಾರಿಯ ಭಾರವನ್ನೆಲ್ಲ ಹೊರುವ ಚಾಸಿಯ ತೊಲೆಯನ್ನು ಪ್ರೀತಿಯಿಂದ ತಟ್ಟಿದರೆ ಕೈ ತುಂಬ ಕೆಂಪು ಪುಡಿ. ಹಾಸನದಲ್ಲಿ ಎಫ್‌ಸಿ, ಅಂದರೆ ಲಾರಿ ಓಡಲು ಯೋಗ್ಯವೆಂಬ ಸರ್ಟಿಫಿಕೇಟು, ಮಾಡಿಸುವ ದಿನ ಹತ್ತಿರ ಬಂದಿತ್ತು. ಬ್ರೇಕ್ ಇನ್‌ಸ್ಪೆಕ್ಟರ್ ಇದನ್ನು ಕಂಡರೆ ಲಾರಿ ನಿಂತಂತೆಯೇ, ಲಾರಿ ನಿಂತರೆ ನಮ್ಮ ಮನೆಯ ಒಲೆಯೂ ನಿಂತಂತೆಯೇ. ನನ್ನ ಹೆಂಡತಿ ಸಾವಿತ್ರಿಯ ಅಣ್ಣ ರಂಗೇಗೌಡರು ಚನ್ನರಾಯಪಟ್ಟಣದಲ್ಲಿ ತಾವೂ ಒಂದು ಲಾರಿ ಇಟ್ಟಿದ್ದರು. ಬಂದು, ನಿಂತಲ್ಲಿಂದಲೇ ನೋಡಿ, ತೀರ್ಪು ಕೊಟ್ಟರು: "ಇದು ಮುಗೀತು ಕಣ್ ಬಾವ. ಗುಜ್ರಿಗೆ ಆಕ್ಬುಡಿ."

ಡ್ರೈವರ್ ಜವರಾಯಿಗೆ ಅಷ್ಟು ನಿರಾಸೆಯಿರಲಿಲ್ಲ. ತುಕ್ಕಿನ ಮೇಲೆಯೇ ಕರಿ ಬಣ್ಣ ಬಳಿದುಬಿಟ್ಟರೆ ಯಾವ ಸಾಹೇಬನೂ ಬಗ್ಗಿ ನೋಡುವುದಿಲ್ಲ ಎಂಬುದು ಅವನ ವಾದ. ನನಗೂ ಅದೇ ಹಿತವಾಗಿ ಕಂಡಿತು. ಸಾವಿತ್ರಿ ಅನ್ನ ಬಡಿಸುತ್ತ ತಣ್ಣಗೆ ಕೇಳಿದಳು: "ಪಾತ್ರೆ ಉಜ್ಜದೆ ಯಾರಾದ್ರೂ ಕಲಾಯಿ ಆಕ್ತಾರಾ?"

ಮರುದಿನ ಮನೆಯ ಮುಂದೆ ಗೋಣಿತಾಟು ಹಾಸಿ, ತಂತಿಬ್ರಷ್ ಹಿಡಿದು ಲಾರಿಯಡಿ ಅಂಗಾತ ಮಲಗಿದೆ. ತುಕ್ಕಿನ ಪುಡಿ ಕಣ್ಣು, ಮೂಗು, ಮಾತಾಡಲು ಬಾಯಿ ತೆರೆದರೆ ಬಾಯಿ, ಎಲ್ಲೆಲ್ಲಿ ಜಾಗವಿದೆಯೋ ಅಲ್ಲೆಲ್ಲ ಬಿತ್ತು. ಯಜಮಾನರಿದ್ದಾರಾ ಎಂದು ಬಂದವರಿಗೆಲ್ಲ ಸಾವಿತ್ರಿ ನನ್ನ ಪಾದ ತೋರಿಸಿ ಒಳಗೆ ಹೋಗುತ್ತಿದ್ದಳು. ಊರಿನ ಎಷ್ಟೋ ದೊಡ್ಡ ಮನುಷ್ಯರು ಆ ವಾರ ನನ್ನ ಪಾದಗಳೊಡನೆ ವ್ಯವಹಾರ ನಡೆಸಿಹೋದರು. ಆದರೆ ಕೆರೆದಂತೆಲ್ಲ ಗಟ್ಟಿ ಕಬ್ಬಿಣ ಮಿನುಗತೊಡಗಿತು. ರೋಗ ಚರ್ಮಕ್ಕಷ್ಟೇ, ಮೂಳೆಗೆ ಇಳಿದಿರಲಿಲ್ಲ. ಆ ಹೊಳಪು ಕಂಡ ಗಳಿಗೆ, ಅಡಿಯಲ್ಲೇ ಮಲಗಿದ್ದವನು ಎದ್ದು ಕೂರಲು ಹೋಗಿ ಹಣೆಯನ್ನು ಚಾಸಿಗೆ ಬಡಿಸಿಕೊಂಡೆ. ಆಮೇಲೆ ಸೀಮೆಎಣ್ಣೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಕೆಂಪು ಪ್ರೈಮರ್ ಬಳಿದು, ಅದರ ಮೇಲೆ ಕರಿ ಬಣ್ಣ ಕೊಟ್ಟೆ. ಮುಂದೆ ಉಪ್ಪು ತುಂಬಿದಾಗ ಮೂಟೆಯಡಿ ಟಾರ್ಪಾಲು ಹಾಸುವುದು, ಇಳಿಸಿದ ಮೇಲೆ ಲಾರಿಯ ಅಡಿಯನ್ನು ನೀರೆರಚಿ ತೊಳೆಯುವುದು ಎಂದೂ ಗೊತ್ತುಮಾಡಿದೆ.

ಹಾಸನದಲ್ಲಿ ನಮಗಿಂತ ಮುಂದೆ ನಿಂತಿದ್ದ ಲಾರಿಯ ಅಡಿ ನಮ್ಮದಕ್ಕಿಂತ ಕಪ್ಪಗೆ ಹೊಳೆಯುತ್ತಿತ್ತು. ಇನ್‌ಸ್ಪೆಕ್ಟರ್ ಅದರಡಿ ನುಸುಳಿ ಸ್ಕ್ರೂಡ್ರೈವರ್‌ನಿಂದ ಗೀರಿದರು. ಕರಿ ಬಣ್ಣ ಹಪ್ಪಳದಂತೆ ಎದ್ದು ತುಕ್ಕು ಉದುರಿತು, ಲಾರಿ ವಾಪಸ್ಸು. ಜವರಾಯಿ ನನ್ನ ಮುಖ ನೋಡಲಿಲ್ಲ. ನಮ್ಮದನ್ನೂ ಗೀರಿದರು, ಸುತ್ತಿಗೆಯಿಂದ ಬಡಿದರು. ಠಣ್ ಎಂದಿತು. ಈಚೆ ಬಂದು ಯಾವ ಗ್ಯಾರೇಜಿನ ಕೆಲಸವೆಂದು ವಿಚಾರಿಸಿದರು. ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಜವರಾಯಿ, "ನಾವೇ ಮಾಡ್ದೋ ಸಾ" ಎಂದುಬಿಟ್ಟ. ಇರಲಿ, ಎಫ್‌ಸಿ ಆಯಿತು. ಹಾಸನದಿಂದ ಮನೆಯವರೆಗೂ ಕಾರಣವಿಲ್ಲದೆ ಹಾರನ್ ಬಾರಿಸಿಕೊಂಡು ಬಂದೆವು.

ಈ ಗೆಲುವಿನಲ್ಲಿ ಒಂದೇ ಕೊರತೆ: ಬಗ್ಗದೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಹಾಗಾಗಿ ಮನೆಗೆ ಬಂದವರನ್ನೆಲ್ಲ ಬಗ್ಗಿಸತೊಡಗಿದೆ. ರಂಗೇಗೌಡರು ಬಂದಾಗ ಬಿಳಿ ಪಂಚೆಯಲ್ಲೇ ಲಾರಿಯಡಿ ತೂರಿಸಿದೆ. ಅವರು ಬಹಳ ಹೊತ್ತು ಈಚೆ ಬರಲಿಲ್ಲ. ಬಂದವರು ಪಂಚೆ ಕೊಡವಿಕೊಂಡು, ಇಡೀ ಜಿಲ್ಲೆಯಲ್ಲಿ ಇಂಥ ಕೈಕೆಲಸ ಕಂಡಿಲ್ಲ ಎಂದರು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲಿ ಅವರು ಮುಂದೆ ಕೇಳಿದ್ದಕ್ಕೆಲ್ಲ ಹೂಂ ಅಂದಿರಬೇಕು.

ಮುಂದಿನ ಭಾನುವಾರ ನಾನು ಚನ್ನರಾಯಪಟ್ಟಣದಲ್ಲಿ ಅವರ ಲಾರಿಯಡಿ ಮಲಗಿದ್ದೆ. ಅವರು ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಕಾಫಿ ಹೀರುತ್ತ, ನಿಧಾನವಾಗಿ ಹೇಳುತ್ತಿದ್ದರು: "ಆ ಮೂಲೇಲಿ ಇನ್ನೊಸಿ ತುಕ್ಕು ಐತೆ ನೋಡಿ ಬಾವ."