ಹೋಶಿಮ್ ಅಕಾರ ಹೆಬ್ಬೆರಳು

ಎಲ್ಲಾ ಅನಾಹುತಕ್ಕೂ ಮೂಲ ಒಂದು ಕ್ಯಾರೆಟ್ಟು. ಅದೂ ನಮ್ಮ ಮರ್ಗಿಲಾನ್ ಪಟ್ಟಣದ ಹಳದಿ ಕ್ಯಾರೆಟ್ಟು, ಮರದ ತುಂಡಿನಷ್ಟು ಗಟ್ಟಿ. ನಮ್ಮ ಮೊಹಲ್ಲಾದ ಮಾಮಾಸೋಲಿಯ ಮಗನ ಮದುವೆ. ಸಂಜೆ ಅಂಗಳದಲ್ಲಿ ಹಾಡು, ಕುಣಿತ. ಮರುದಿನ ಬೆಳಿಗ್ಗೆ ಆರಕ್ಕೆ ನಾನೂರು ಗಂಡಸರಿಗೆ ಪಲಾವು. ಆ ಪಲಾವಿನ ಕ್ಯಾರೆಟ್ಟನ್ನು ಹಿಂದಿನ ದಿನವೇ ಮೊಹಲ್ಲಾದ ಗಂಡಸರೆಲ್ಲ ಕೂತು ಹೆಚ್ಚಿ ಕೊಡಬೇಕು. ತಪ್ಪಿಸಿಕೊಂಡವನ ಮನೆಯಲ್ಲಿ ನಾಳೆ ಮದುವೆಯಾದರೆ ಒಬ್ಬನೂ ಚಾಕು ಹಿಡಿದು ಬರುವುದಿಲ್ಲ. ನಮ್ಮ ಹೋಶಿಮ್ ಅಕಾರಿಗೆ (ಅಕಾ ಎಂದರೆ ಅಣ್ಣ) ಮದುವೆಯ ವಯಸ್ಸಿಗೆ ಬಂದ ಮಗಳಿದ್ದಳು.

ಆದರೆ ಆ ದಿನ ಹೋಶಿಮ್ ಅಕಾ ಬೆರಳುಗಳನ್ನು ಮೊಟ್ಟೆಯ ಹಾಗೆ ಕಾಪಾಡಿಕೊಳ್ಳಬೇಕಿತ್ತು. ಮೂವತ್ತೊಂದು ವರ್ಷದಿಂದ ಅವರು ಮದುವೆ ಬ್ಯಾಂಡಿನಲ್ಲಿ ದಪ್ಪ ದನಿಯ ಬೇಸ್ ಗಿಟಾರು ನುಡಿಸುವವರು. ಬೆಳಿಗ್ಗೆ ಬ್ಯಾಂಡಿನ ಯಜಮಾನ ಫಯೋಜ್ ಮನೆಗೇ ಬಂದು ಚಹಾ ಕುಡಿದು ಬಾಂಬು ಹಾಕಿ ಹೋಗಿದ್ದ. ಅವನ ಅಪ್ಪ ಕಟ್ಟಿದ ಬ್ಯಾಂಡು; ಅಪ್ಪ ಸತ್ತ ಮೇಲೆ ಇವನದು. ಕೀಬೋರ್ಡು ಇವನದು, ಕಂಪ್ಯೂಟರೂ ಇವನದು.

"ಅಕಾ, ಬೇಜಾರ್ ಮಾಡ್ಕೋಬೇಡಿ. ನೀವು ಅಪ್ಪನ ಕಾಲದೋರು. ಆದ್ರೆ ಈಗ ಬೇಸೂ ಕಂಪ್ಯೂಟರೊಳಗೇ ಬರುತ್ತೆ. ಅದಕ್ಕೆ ಕಾರಲ್ಲಿ ಸೀಟು ಬೇಡ, ಊಟ ಬೇಡ. ನಿಮ್ಮ ಆ ಸ್ಪೀಕರ್ ಪೆಟ್ಟಿಗೆ ಎತ್ತಿ ಎತ್ತಿ ನನ್ನ ಸೊಂಟ ಹೋಯ್ತು."

"ಕಂಪ್ಯೂಟರಿಗೆ ಕಣ್ಣಿದೆಯೇನೋ? ಮದುಮಗಳು ಹೊಸ್ತಿಲಲ್ಲಿ ಎಡವಿದ್ರೆ ತಾಳ ನಿಧಾನ ಮಾಡುತ್ತಾ ಅದು?"

ಫಯೋಜ್ ತಲೆ ಕೆರೆದುಕೊಂಡ. "ಸರಿ ಅಕಾ. ಇವತ್ತು ಸಂಜೆ ಎಲ್ಲಾ ಹಾಡಿಗೂ ನೀವೇ ನುಡಿಸಿ. ಮಾಮಾಸೋಲಿ ಅಕಾ ಬಾಯಲ್ಲಿ ಬೇಸ್ ಚೆನ್ನಾಗಿತ್ತು ಅಂತ ಒಂದು ಮಾತು ಬಂದ್ರೆ, ಆ ಕಂಪ್ಯೂಟರ್ ಬೇಸನ್ನ ಅಳಿಸಿ ಹಾಕ್ತೀನಿ. ನಮ್ಮಪ್ಪನಾಣೆ."

ಇದೊಳ್ಳೆ ಪಂಥ. ಮೂವತ್ತೊಂದು ವರ್ಷದಲ್ಲಿ ಬೇಸ್ ಚೆನ್ನಾಗಿತ್ತು ಎಂದವರು ಯಾರಿದ್ದಾರೆ? ಮದುವೆ ವೀಡಿಯೋಗಳಲ್ಲಿ ಹೋಶಿಮ್ ಅಕಾರ ಮೊಳಕೈ ಮಾತ್ರ ಬಂದಿದೆ. ಬೇಸ್ ಎಂದರೆ ಪಲಾವಿನ ಎಣ್ಣೆ; ಅಕ್ಕಿಯನ್ನು ಹೊಗಳುತ್ತಾರೆ, ಮಾಂಸವನ್ನು ಹೊಗಳುತ್ತಾರೆ, ಎಣ್ಣೆಯನ್ನು ಯಾರೂ ಹೊಗಳುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ತಂತಿ ಬದಲಾಯಿಸಿ ಹದಿನೇಳು ವರ್ಷವಾಗಿತ್ತು. ಹೊಸ ತಂತಿ ಹೊಸ ಬೂಟಿನ ಹಾಗೆ ಕಿರುಗುಟ್ಟುತ್ತದೆ. ಬೆವರು, ಜಿಡ್ಡು ಕುಡಿದು ಮುದಿಯಾದ ತಂತಿಯಿಂದಲೇ ಹೊಟ್ಟೆಯೊಳಗಿನ ಆ 'ಧುಂ' ಹುಟ್ಟುವುದು ಎಂದು ಅವರ ನಂಬಿಕೆ. ಈ ನಂಬಿಕೆಯನ್ನು ಕೇಳುವವರೂ ಇರಲಿಲ್ಲ, ಬಿಡಿ.

ಮಧ್ಯಾಹ್ನ ಬಾಗಿಲು ಬಡಿದವರು ತೋಜಿಬೊಯ್ ತಾತ. ಮೊಹಲ್ಲಾದ ಹಿರಿಯ, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಗಿನಿಂದಲೇ ಹೇಳುವವರು.

"ಏನಯ್ಯಾ, ಕ್ಯಾರೆಟ್ ಹೆಚ್ಚೋಕೆ ಬರಲ್ವಂತೆ? ಬೆರಳು ನಾಜೂಕಂತೆ? ನೀನೇನು ಮದುಮಗಳೇ?"

"ತಾತ, ಇವತ್ತು ಒಂದು ದಿನ ಬಿಡಿ. ಸಂಜೆ ನುಡಿಸೋದಿದೆ."

"ನುಡಿಸ್ದೆ ಇದ್ರೆ ಮದುವೆ ನಿಲ್ಲಲ್ಲ. ಪಲಾವಿಲ್ದಿದ್ರೆ ನಿಲ್ಲುತ್ತೆ. ನಿನ್ ಮಗಳ ಮದುವೇಲಿ ಯಾರು ಹೆಚ್ತಾರೆ, ಗಿಟಾರು ಹೆಚ್ಚುತ್ತಾ?"

ಮಗಳ ಹೆಸರು ಬಂದ ಮೇಲೆ ಇನ್ನೇನು! ಹೋಶಿಮ್ ಅಕಾ ಚಾಕು ತೆಗೆದುಕೊಂಡು ಹೊರಟರು.

ಮಾಮಾಸೋಲಿಯ ಅಂಗಳದಲ್ಲಿ ಇಪ್ಪತ್ತು ಮಂದಿ, ಮಧ್ಯೆ ಕ್ಯಾರೆಟ್ಟಿನ ಗುಡ್ಡ. ಹೋಶಿಮ್ ಅಕಾ ಚಾಕು ಹಿಡಿಯುವುದು ಎಡಗೈಯಲ್ಲಿ; ಬಲಗೈಯಿಂದ ಒಂದೊಂದನ್ನೂ ಹಾವನ್ನು ಹಿಡಿದಂತೆ ಹಿಡಿದು ಮೆಲ್ಲಗೆ ಹೆಚ್ಚುತ್ತಿದ್ದರು. ಹಾಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ತಾತನ ಬಾಯಿ ಸುಮ್ಮನಿರಬೇಕಲ್ಲ?

"ಅಲ್ವೋ ಹೋಶಿಮ್, ಬಹಳ ದಿನದಿಂದ ಕೇಳ್ಬೇಕು ಅಂತಿದ್ದೆ. ಎಲ್ಲರ ಗಿಟಾರಿಗೂ ಆರು ತಂತಿ, ನಿಂದಕ್ಕೆ ನಾಲ್ಕೇ. ಉಳಿದೆರಡು ಯಾವಾಗ ಹಾಕಿಸ್ತೀಯಾ?"

ಇಪ್ಪತ್ತು ಮಂದಿ ಗೊಳ್ಳೆಂದರು. ಹೋಶಿಮ್ ಅಕಾರ ಪಿತ್ತ ನೆತ್ತಿಗೇರಿತು.

"ತಾತಾ! ಇದು ಬೇರೆ ವಾದ್ಯ! ನೀವು ಕುಣಿಯೋದು ಗಾಯಕನ ಬಾಯಿಂದಲ್ಲ, ಇದರಿಂದ! ಇದು ನಿಂತ್ರೆ ನಿಮ್ಮ ಕಾಲು..."

ಮಾತು ಅಲ್ಲಿಗೇ ನಿಂತಿತು. ಕ್ಯಾರೆಟ್ಟು ಜಾರಿತ್ತು. ಬಲಗೈಯ ತೋರುಬೆರಳಿನಿಂದ ರಕ್ತ ಬುಳುಬುಳು ಹರಿಯುತ್ತಿತ್ತು.

"ಅಯ್ಯಯ್ಯೋ, ಕ್ಯಾರೆಟ್ ಕೆಟ್ಟುಹೋಯ್ತು!" ಎಂದು ಯಾರೋ ಬುಟ್ಟಿಯನ್ನು ಆಚೆ ಎಳೆದರು. ಒಬ್ಬ ಈರುಳ್ಳಿ ಸಿಪ್ಪೆ ಅಂಟಿಸು ಎಂದ. ಇನ್ನೊಬ್ಬ ಕಂಬಳಿಯ ಚೂರು ಸುಟ್ಟು ಬೂದಿ ಮೆತ್ತಿದ. ಕೊನೆಗೆ ತೋಜಿಬೊಯ್ ತಾತ ಎಲ್ಲರನ್ನೂ ಸರಿಸಿ ಮುಂದೆ ಬಂದರು. ಯೌವನದಲ್ಲಿ ಅವರು ಸರ್ಕಾರಿ ಫಾರ್ಮಿನಲ್ಲಿ ದನದ ಡಾಕ್ಟರಿಗೆ ಸಹಾಯಕರಾಗಿದ್ದರು.

"ಎಷ್ಟು ಕುದುರೆಗೆ ಕಟ್ಟಿದೀನಿ, ಇದ್ಯಾವ ಲೆಕ್ಕ!" ಎಂದು ತೋರುಬೆರಳನ್ನೂ ನಡುಬೆರಳನ್ನೂ ಸೇರಿಸಿ ಮಣಿಕಟ್ಟಿನವರೆಗೆ ಪಟ್ಟಿ ಸುತ್ತಿದರು. ಕುದುರೆಯಾಗಿದ್ದರೆ ಓಡುತ್ತಿತ್ತೇನೋ. ಹೋಶಿಮ್ ಅಕಾರ ತಂತಿ ಮೀಟುವ ಎರಡು ಬೆರಳೂ ಹೋಗಿದ್ದವು.

ಮನೆಗೆ ಬಂದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹೆಂಡತಿ ಮುಹಬ್ಬತ್ ಚಹಾ ತಂದಿಟ್ಟಳು.

"ರೀ, ಇವತ್ತೊಂದಿನ ಆ ಕಂಪ್ಯೂಟರೇ ನುಡಿಸ್ಲಿ ಬಿಡಿ. ಪ್ರಾಣ ಹೋಗುತ್ತಾ?"

"ಹೋಗುತ್ತೆ ಕಣೇ," ಎಂದರು ಹೋಶಿಮ್ ಅಕಾ. "ಇವತ್ತು ಬಿಟ್ರೆ ಇನ್ಯಾವತ್ತೂ ಕರೆಯಲ್ಲ. ಬೇರೆ ಏನು ಬರುತ್ತೆ ನಂಗೆ? ಕ್ಯಾರೆಟ್ ಹೆಚ್ಚೋಕೂ ಬರಲ್ಲ."

ಮುಹಬ್ಬತ್‌ ಪಟ್ಟಿ ಕಟ್ಟಿದ ಕೈ ನೋಡಿದಳು. "ಹೆಬ್ಬೆರಳು ಇದೆಯಲ್ಲ," ಎಂದು ಹೇಳಿ ಒಳಗೆ ಹೋದಳು.

ಹೋಶಿಮ್ ಅಕಾ ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಒತ್ತಿ ಬಿಟ್ಟರು. ಧುಂ. ಕಪಾಟಿನ ಬಟ್ಟಲುಗಳು ಅಲುಗಿದವು. ಮತ್ತೊಮ್ಮೆ ಬಿಟ್ಟರು. ಬೆರಳಿನ ತುದಿಯ ಚುರುಕು ಇದರಲ್ಲಿ ಇರಲಿಲ್ಲ. ಆದರೆ ದನಿ ದುಂಡಗೆ, ಬೆಚ್ಚಗೆ, ನೆಲದೊಳಗಿಂದ ಬಂದ ಹಾಗಿತ್ತು. ಮೂವತ್ತೊಂದು ವರ್ಷ ಹುಡುಕಿದ ದನಿ ಇದೇ ಅಲ್ಲವೇ? ಹೆಬ್ಬೆರಳು ಪಕ್ಕದಲ್ಲೇ ಕೂತಿತ್ತು, ಒಂದು ದಿನವಾದರೂ ಅದನ್ನು ಕೇಳಿರಲಿಲ್ಲ. ಅವರಿಗೆ ಖುಷಿಗಿಂತ ದುಃಖವೇ ಹೆಚ್ಚಾಯಿತು.

ಸಂಜೆ ಫಯೋಜ್ ಎಂದಿಗಿಂತ ಮರ್ಯಾದೆಯಿಂದ ನಡೆದುಕೊಂಡ. ಕುರ್ಚಿ ತಂದು ಹಾಕಿದ. ಗಿಟಾರಿನ ವಯರನ್ನು ತಾನೇ ಕೈಯಾರೆ ಸಿಕ್ಕಿಸಿದ. ಪಟ್ಟಿ ಕಟ್ಟಿದ ಕೈ ನೋಡಿ ಒಂದು ಕ್ಷಣ ಬೆಚ್ಚಿದರೂ, "ಆಗುತ್ತಾ ಅಕಾ? ಮೊದಲಿಂದ ಕೊನೇವರೆಗೂ ಪೂರ್ತಿ ನುಡಿಸ್ಬೇಕು. ಒಂದು ಹಾಡೂ ಬಿಡೋಹಾಗಿಲ್ಲ," ಎಂದ.

"ಬಿಡಲ್ಲ," ಎಂದರು ಹೋಶಿಮ್ ಅಕಾ.

ಮೊದಲ ಹಾಡಿಗೆ ಹೆಂಗಸರು ಎದ್ದರು, ಅದೇನೂ ವಿಶೇಷವಲ್ಲ. ಎರಡನೆಯದಕ್ಕೆ ಗಂಡಸರು ಎದ್ದರು. ನಾಲ್ಕನೆಯ ಹಾಡಿಗೆ ಮೊಹಲ್ಲಾದ ಚರಿತ್ರೆಯಲ್ಲೇ ಆಗದ್ದು ಆಯಿತು: ತೋಜಿಬೊಯ್ ತಾತ ಊರುಗೋಲು ಬದಿಗಿಟ್ಟು, ಎರಡೂ ಕೈ ಮೇಲೆತ್ತಿ ಭುಜ ಕುಣಿಸುತ್ತ ಅಂಗಳದ ನಡುವೆ ಬಂದುಬಿಟ್ಟರು. "ಯಾಕೋ ಕಾಲು ತಾನೇ ಹೋಗ್ತಿದೆ ಕಣ್ರಯ್ಯಾ!" ಎಂದು ಕೂಗಿದರು. ಮದುಮಗಳು ಬಂದು ಬಾಗಿ ಬಾಗಿ ನಮಸ್ಕರಿಸಿದಳು; ಅವಳ ಒಂದೊಂದು ಹೆಜ್ಜೆಯ ಕೆಳಗೂ ಒಂದೊಂದು ಧುಂ ಮೆತ್ತಗೆ ಹಾಸಿದರು ಹೋಶಿಮ್ ಅಕಾ. ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತು, ಒಡೆಯಿತು. ಅವರು ನಿಲ್ಲಿಸಲಿಲ್ಲ. ಹದಿನೆಂಟೂ ಹಾಡು ಮುಗಿಸಿದರು.

ಆಗ ಮಾಮಾಸೋಲಿ ವೇದಿಕೆ ಹತ್ತಿದ. ಕೈಯಲ್ಲಿ ಜರಿಯ ಅಂಚಿನ ಹೊಸ ನಿಲುವಂಗಿ. ದೊಡ್ಡ ಅತಿಥಿಗಳಿಗೆ ಹೊದಿಸುವಂಥದು. ಗಾಯಕ ಬೆನ್ನು ನೆಟ್ಟಗೆ ಮಾಡಿಕೊಂಡ. ಮಾಮಾಸೋಲಿ ಅವನನ್ನು ದಾಟಿ ಹಿಂದೆ ಬಂದ.

"ಹೋಶಿಮ್ ಅಕಾ, ನಂಗೆ ಸಂಗೀತ ಗೊತ್ತಿಲ್ಲ. ಆದ್ರೆ ಇವತ್ತು ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗಾಯ್ತು. ಅದು ನಿಮ್ಮ ಬೇಸೇ ಅಂತೆ. ಬಹಳ ಚೆನ್ನಾಗಿತ್ತು."

ನಿಲುವಂಗಿ ಹೆಗಲ ಮೇಲೆ ಬಿತ್ತು. ಅಂಗಳದ ತುಂಬಾ ಚಪ್ಪಾಳೆ. ವೀಡಿಯೋದವನು ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕ್ಯಾಮೆರಾ ಇತ್ತ ತಿರುಗಿಸಿದ. ಹೋಶಿಮ್ ಅಕಾ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟರು.

ಫಯೋಜ್ ಓಡಿ ಬಂದು ತಬ್ಬಿಕೊಂಡ. "ಗೆದ್ರಿ ಅಕಾ! ಮಾತು ಅಂದ್ರೆ ಮಾತು. ಕಂಪ್ಯೂಟರ್ ಬೇಸನ್ನ ಈಗ್ಲೇ ಅಳಿಸಿಬಿಟ್ಟೆ. ಇನ್ಮೇಲೆ ನಮ್ಮ ಬ್ಯಾಂಡಲ್ಲಿ ನಿಮ್ಮ ಬೇಸ್ ಬಿಟ್ಟು ಬೇರೆ ಕೇಳ್ಸಲ್ಲ!"

"ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ ಕಣಪ್ಪಾ," ಎಂದು ಹೋಶಿಮ್ ಅಕಾ ಕಣ್ಣೊರೆಸಿಕೊಂಡರು. "ಹಾಗಾದ್ರೆ ಬೆಳಿಗ್ಗೆ ಪಲಾವಿಗೆ ಎಷ್ಟೊತ್ತಿಗೆ ಬರ್ಲಿ? ಐದಕ್ಕೆ?"

"ಬನ್ನಿ, ಬನ್ನಿ. ಆರಕ್ಕೆ ಬನ್ನಿ, ಊಟಕ್ಕೆ."

"ನುಡಿಸೋಕೆ?"

"ನೀವ್ಯಾಕೆ ಕಷ್ಟ ಪಡ್ಬೇಕು ಅಕಾ? ಕೈ ಬೇರೆ ಹೀಗಾಗಿದೆ," ಎಂದ ಫಯೋಜ್, ನಿಜವಾದ ಪ್ರೀತಿಯಿಂದಲೇ. "ಹದಿನೆಂಟೂ ಹಾಡಿನ ನಿಮ್ಮ ಬೇಸು ಕಂಪ್ಯೂಟರಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ. ವಯರು ಅಲ್ಲಿಗೇ ಹಾಕಿದ್ದೆ. ಎಷ್ಟು ಚೊಕ್ಕ ಬಂದಿದೆ ಗೊತ್ತಾ! ಇನ್ನು ನೀವು ಮನೇಲಿ ಹಾಯಾಗಿರಿ. ಫರ್ಗಾನಾದಲ್ಲಿ, ಕೋಕಂದಲ್ಲಿ, ಎಲ್ಲಿ ಮದುವೆ ಆದ್ರೂ ನೀವೇ ನುಡಿಸ್ತಿರ್ತೀರ."

ಹೋಶಿಮ್ ಅಕಾ ಗಿಟಾರಿನಿಂದ ವಯರು ಕಿತ್ತರು. ಅವನು ಮಾತಿಗೆ ತಪ್ಪಿದ್ದರೆ ಬೈಯಬಹುದಿತ್ತು. ಪುಣ್ಯಾತ್ಮ ತಪ್ಪಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಅವರು ಹೊಸ ನಿಲುವಂಗಿ ತೊಟ್ಟು ಪಲಾವಿಗೆ ಬಂದರು. ಮೆಚ್ಚಿ ಹೊದಿಸಿದ್ದನ್ನು ತೊಡದೆ ಬಂದರೆ ಮಾಮಾಸೋಲಿಗೆ ಅವಮಾನ. ಒಂದೇ ತಟ್ಟೆ ಹಂಚಿಕೊಂಡು ಎದುರಿಗೆ ಕೂತವರು ಮದುಮಗಳ ಕಡೆಯ ಒಬ್ಬರು, ನಮಂಗಾನದಿಂದ ಆಗಷ್ಟೇ ಬಂದ ಅಪರಿಚಿತರು. ವೇದಿಕೆಯಲ್ಲಿ ಫಯೋಜ್, ಗಾಯಕ ಇಬ್ಬರೇ. ಸ್ಪೀಕರಿನಿಂದ ಧುಂ, ಧುಂ ಬರುತ್ತಿತ್ತು. ಅಕ್ಕಿಯ ಕಾಳುಗಳು ತಟ್ಟೆಯಲ್ಲಿ ಅದುರುತ್ತಿದ್ದವು.

ನಮಂಗಾನದವರು ತಿನ್ನುವುದನ್ನು ನಿಲ್ಲಿಸಿ ಕಿವಿಗೊಟ್ಟರು. "ಬೇಸ್ ಯಾರ್ರೀ ನುಡಿಸ್ತಿರೋದು? ಎಷ್ಟು ಚೆನ್ನಾಗಿದೆ! ನಾನು ಮದುವೆಗೆ ಹೋದ್ರೆ ಬೇಸೊಂದನ್ನೇ ಕೇಳೋದು."

ಮೂವತ್ತೊಂದು ವರ್ಷ ಇವರೊಬ್ಬರಿಗಾಗಿ ಕಾದಿದ್ದರು ಹೋಶಿಮ್ ಅಕಾ. "ನಾನೇ," ಎಂದರು.

ನಮಂಗಾನದವರು ಅವರ ಮುಖ ನೋಡಿದರು, ತುತ್ತು ಹಿಡಿದ ಕೈ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಳ್ಳೆ ತಮಾಷೆ ಮಾಡ್ತೀರ! ಪಲಾವ್ ತಿಂತಾ ತಿಂತಾ ಬೇಸ್ ನುಡಿಸ್ತಿದೀರಾ?"

ಅಷ್ಟರಲ್ಲಿ ಐದನೆಯ ಹಾಡು ಬಂತು. ಎರಡನೆಯ ಸಾಲಿನ ತುದಿಯಲ್ಲಿ, ನಿನ್ನೆ ಸಂಜೆ ಬೊಬ್ಬೆ ಒಡೆದ ಜಾಗ. ಅಲ್ಲಿ ಹೆಬ್ಬೆರಳು ಅರೆ ಕ್ಷಣ ತಡವಾಗಿ ಬಿದ್ದು, ಧುಂ ಎನ್ನಬೇಕಾದ್ದು ಪಟ್ ಎಂದಿತು.

"ಛೆ," ಎಂದರು ನಮಂಗಾನದವರು. "ಅಲ್ಲೊಂದು ತಪ್ಪಿಹೋಯ್ತು ನೋಡಿ. ಅಷ್ಟು ಚೆನ್ನಾಗಿ ನುಡಿಸೋನು! ಪರಿಚಯ ಇದ್ರೆ ಅವನಿಗೆ ಹೇಳಿ, ಮುಂದಿನ ಸಲ ಸರಿ ಮಾಡ್ಕೊಳ್ಳಿ ಅಂತ."

"ಹೇಳ್ತೀನಿ," ಎಂದರು ಹೋಶಿಮ್ ಅಕಾ.