ಕಾಕು ಹಿಡಿದ ಕಿಡಿ

ನಮ್ಮ ಕಾಕು ಕಟ್ಟಿಕೊಂಡ ಗಂಡನಿಗೆ ಒಂದು ವರ್ಷ ದಿನಾಲೂ ಬೆಂಕಿ ತೋರಿಸಿದಳು ಎಂದರೆ ನೀವು ಪೊಲೀಸರನ್ನು ಕರೆಯಬೇಡಿ. ತೋರಿಸಿಕೊಂಡ ಕಾಕಾನೇ ದೂರು ಕೊಟ್ಟಿಲ್ಲ, ನಿಮಗೇಕೆ ಉಸಾಬರಿ?

ಆಗ ತೊಂಬತ್ತರ ದಶಕದ ಕೊನೆ. ನಾನು ಬೈಲಹೊಂಗಲದಲ್ಲಿ ಈ ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಹತ್ತಿ ವ್ಯಾಪಾರ ಮಾಡುತ್ತಿದ್ದ ಕಾಕಾನಿಗೆ ಲಕ್ವಾ ಹೊಡೆಯಿತು. ಕೆಲವು ವಾರಗಳಲ್ಲಿ ಮಾತು ಬಂತು, ಕಾಲೂ ಸುಧಾರಿಸಿತು. ಬಲಗೈ ಮಾತ್ರ ಮಡಚಿ, ಮುಷ್ಟಿ ಬಿಗಿದು, ಕಟ್ಟಿಗೆಯಂತೆ ಸೆಟೆದುಕೊಂಡಿತು. ಚಿವುಟಿದರೂ ಅರಿವಿಲ್ಲ. ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಬರುತ್ತಿದ್ದ ಫಿಜಿಯೋಥೆರಪಿಯ ಹುಡುಗಿ ಬೆರಳು ಬಿಡಿಸಿ ಕೈಬಿಟ್ಟರೆ ಸಾಕು, ಮತ್ತೆ ಮುಷ್ಟಿ.

ಬೆಳಗಾವಿಯಲ್ಲಿ ಚೀನೀ ಪದ್ಧತಿ ಕಲಿತ ಡಾಕ್ಟರೊಬ್ಬರಿದ್ದಾರೆಂದು ಯಾರೋ ಹೇಳಿದ್ದೇ ತಡ, ಕಾಕು ಕಾಕಾನನ್ನು ಬಸ್ಸು ಹತ್ತಿಸಿದಳು. ಅವರು ಚುಟ್ಟಾದಂಥದೊಂದು ಸುರುಳಿಯ ತುದಿಗೆ ಕಿಡಿ ಹಚ್ಚಿ, ಚರ್ಮಕ್ಕೆ ತಾಗದಂತೆ ಹಿಡಿದು ಶಾಖ ಕೊಟ್ಟರು. ಒಳಗಿರುವುದು ಒಣಗಿದ ಮಾಚಿಪತ್ರೆ ಎಂದು ಕೇಳಿ ಕಾಕು ಹೌಹಾರಿದಳು.

"ಇದು ನಮ್ಮ ಹೂವಿನ ಪ್ಯಾಟ್ಯಾಗ ಸಿಗತೈತಲ್ರಿ. ಚೀನಾದವರಿಗೆ ಯಾರು ಕೊಟ್ರು?"

ಹಿಡಿಯುವ ರೀತಿ ಕಲಿತು ಬಂದವಳೇ ಬುಟ್ಟಿಗಟ್ಟಲೆ ಮಾಚಿಪತ್ರೆ ತರಿಸಿ, ಮಾಳಿಗೆಯ ಮೇಲೆ ಒಣಗಿಸಿ, ಕುಟ್ಟಿ, ಕಾಗದದಲ್ಲಿ ಸುತ್ತಿದಳು. ಬರಿಯ ಶಾಖದಿಂದ ಕೈ ಬರುವುದಿಲ್ಲ, ಸ್ನಾಯು ಸಡಿಲಾದ ಕೂಡಲೇ ವ್ಯಾಯಾಮ ಆಗಬೇಕು ಎಂದಳು ಫಿಜಿಯೋಥೆರಪಿಯ ಹುಡುಗಿ. ಅರಿವಿಲ್ಲದ ಕೈ, ಸುಟ್ಟರೂ ಗೊತ್ತಾಗುವುದಿಲ್ಲ ಎಂದೂ ಎಚ್ಚರಿಸಿದಳು. ಅಂದಿನಿಂದ ಕಾಕು ಕಿಡಿಯನ್ನು ಮೊದಲು ತನ್ನ ಮುಂಗೈಗೆ ಹಿಡಿದು ನೋಡಿ, ಆಮೇಲೆ ಗಂಡನಿಗೆ ಹಿಡಿಯತೊಡಗಿದಳು. ಅವಳ ಮುಂಗೈ ತುಂಬ ಕಪ್ಪು ಚುಕ್ಕೆಗಳು. ಕಾಕಾನ ಕೈಯಲ್ಲಿ ಒಂದೂ ಇಲ್ಲ.

ಒಂದು ದಿನ ಸಂಗೊಳ್ಳಿಯಿಂದ ಬಂದ ಅವಳ ಅಣ್ಣ ಕಿಟಕಿಯಲ್ಲಿ ತಂಗಿಯನ್ನೂ ಹೊಗೆಯಾಡುವ ಸುರುಳಿಯನ್ನೂ ಒಟ್ಟಿಗೆ ಕಂಡು ಅಂಗಳದಲ್ಲೇ ನಿಂತ. ಇವಳು ಯಾವಾಗಿನಿಂದ ಚುಟ್ಟಾ ಸೇದುತ್ತಾಳೆಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದ. ಅದು ಕಾಕಾನ ಸಲುವಾಗಿ ಎಂದೆ. ಅವನ ಚಿಂತೆ ಇಮ್ಮಡಿಯಾಯಿತು!

ಶಾಖ ಮುಗಿದೊಡನೆ ಕಾಕಾನ ಮುಂದೆ ಜೋಳದ ಹಿಟ್ಟಿನ ಮುದ್ದೆ. ಸೆಟೆದ ಕೈಯಿಂದಲೇ ತಟ್ಟಬೇಕು. ಅವನ ಮೊದಲ ರೊಟ್ಟಿ ಥೇಟ್ ರಾಮದುರ್ಗ ತಾಲ್ಲೂಕಿನ ನಕಾಶೆ. ಅದನ್ನು ಬೇಯಿಸಿ, ಇನ್ನಾರಿಗೂ ಕೊಡದೆ ಕಾಕುವೇ ತಿಂದಳು.

ತಿಂಗಳುಗಳು ಕಳೆದಂತೆ ಮೊಣಕೈ ಚಾಚತೊಡಗಿತು. ಬೆರಳು ಅರ್ಧ ಬಿಚ್ಚಿದವು. ವ್ಯಾಯಾಮದಿಂದ ಎಂದಳು ಹುಡುಗಿ, ಕಿಡಿಯಿಂದ ಎಂದಳು ಕಾಕು. ಕಾಕಾ ಇಬ್ಬರನ್ನೂ ನೋಡಿ, "ಇಬ್ಬರ ಅಂಜಿಕಿಗೆ" ಎಂದ.

ಒಂದು ಮಧ್ಯಾಹ್ನ ಎಂದಿನಂತೆ ಶಾಖ ನಡೆದಿತ್ತು. ಕಾಕಾ ಫಕ್ಕನೆ ಕೈ ಹಿಂದೆಳೆದುಕೊಂಡ.

"ಏ, ಸುಡಾಕ ಹತ್ತೈತಿ."

ಕಾಕು ಸುರುಳಿಯನ್ನು ಪಕ್ಕದ ಬಟ್ಟಲಿನ ಮರಳಿಗೆ ಚುಚ್ಚಿ ನಂದಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಆ ಇಡೀ ವರ್ಷ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಕಾಕಾನಿಗೆ ಏನೂ ತಿಳಿಯಲಿಲ್ಲ. ಬೈದೆನೆಂದುಕೊಂಡನೋ ಏನೋ, ಆ ಬಲಗೈಯನ್ನೇ ಮೆಲ್ಲಗೆ ಅವಳ ಮುಂದೆ ಚಾಚಿದ.

"ಅಷ್ಟೇನ್ ಸುಟ್ಟಿಲ್ಲ ಬಿಡ. ಹಿಡಿ, ಇನ್ನೊಂದೀಟು ಹಿಡಿ."