ಮೇಲಿನ ಮನೆಯ ನಟರಾಯರು

ನಾಟಕದವರ ಸಹವಾಸ ಮಾಡಿದವರು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬಾಗಿಲಿಗೆ ಬರುತ್ತವೆ. ನನ್ನ ಪಾಲಿನವು ಬಾಗಿಲನ್ನೂ ತಟ್ಟಲಿಲ್ಲ, ಸೀದಾ ಸೂರಿನಿಂದಲೇ ಇಳಿದವು.

ಒಂದು ಕಂಪ್ಲೇಂಟು

ತೊಂಬತ್ತರ ದಶಕದ ನಡುವಿನ ಮಾತು. ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟು. ನಮ್ಮ ಯಜಮಾನರು ಬೆಳಗ್ಗೆ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಮೈಸೂರಿನ ಹವ್ಯಾಸಿ ತಂಡವೊಂದರಲ್ಲಿ ಎಂಟು ವರ್ಷ ಸೈಡ್‌ವಿಂಗಿನಲ್ಲಿ ನಿಂತು, ನಟರು ಮಾತು ಮರೆತಾಗಲೆಲ್ಲ ಪ್ರಾಂಪ್ಟ್ ಮಾಡಿದವಳು ನಾನು. ಇಲ್ಲಿ ಮೈಕ್ರೋವೇವ್ ಮುಂದೆ ನಿಂತು ಸೆಕೆಂಡು ಎಣಿಸುತ್ತಿದ್ದೆ. ಕೂತರೆ ಏಳೋಣ ಅನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಅಂತ ಗೊತ್ತಾಗುತ್ತಿರಲಿಲ್ಲ.

ನಮ್ಮ ತಲೆಯ ಮೇಲೂ ಅಂಥದೇ ಇನ್ನೊಂದು ಜೀವ ಇತ್ತು. ಮೇಲಿನ ಮನೆಯಲ್ಲಿ ಯಾರೋ ಬೆಳಗಿನಿಂದ ಸಂಜೆಯವರೆಗೆ ಶತಪಥ ಹಾಕುತ್ತಿದ್ದರು. ಮರದ ನೆಲ, ಪ್ರತಿ ಹೆಜ್ಜೆಯೂ ನಮ್ಮ ಸಾರಿನ ಪಾತ್ರೆಯಲ್ಲಿ ಕೇಳಿಸುತ್ತಿತ್ತು. ಒಂದು ಶನಿವಾರ ಯಜಮಾನರಿಗೆ ತಡೆಯಲಿಲ್ಲ.

"ಹೋಗಿ ಕಂಪ್ಲೇಂಟ್ ಮಾಡಿ ಬಾ. ನಾನು ಹೋದ್ರೆ ಸುಮ್ನೆ ಜಗಳ ಆಗತ್ತೆ" ಅಂದರು. ಅವರಿಗೆ ಜಗಳ ಆಡಲು ಬರುವುದಿಲ್ಲ ಅನ್ನುವುದು ಮದುವೆಯಾದ ವಾರದಲ್ಲೇ ನನಗೆ ಗೊತ್ತಾಗಿತ್ತು. ನಾನೇ ಹೋದೆ.

ಬಾಗಿಲು ತೆರೆದವರು ಎತ್ತರದ, ಬಡಕಲು, ಬೆಳ್ಳಿಕೂದಲಿನ ಇಂಗ್ಲಿಷ್ ಮುದುಕರು. ನಾನು ಬಾಯಿ ತೆರೆಯುವ ಮೊದಲೇ ಕೈಗೆ ಒಂದು ಸ್ಕ್ರಿಪ್ಟ್ ಹಿಡಿಸಿ, "ಮೂವತ್ತೊಂದನೇ ಪುಟ. ನೀವು ಮಗಳು. ಓದಿ" ಅಂದರು. ಎಂಟು ವರ್ಷದ ಚಟ, ಓದಿಯೇಬಿಟ್ಟೆ.

ಓದುವ ಮಧ್ಯೆ ಮಧ್ಯೆ ಅವರ ಚರಿತ್ರೆಯೂ ಹೊರಬಂತು. ಇಂಗ್ಲೆಂಡಿನ ಬಂದರು ಊರೊಂದರಲ್ಲಿ ಬ್ರೆಡ್ ಸುಡುವವರ ಮಗ. ಹದಿನೇಳಕ್ಕೆ ನಾಟಕ ಕಂಪನಿ ಸೇರಿ ಊರೂರು ಅಲೆದಿದ್ದು. ವಾರಕ್ಕೊಂದು ಹೊಸ ನಾಟಕ. ಈ ವಾರ ಪೊಲೀಸ್, ಮುಂದಿನ ವಾರ ಹೆಣ. ಹೆಣದ ಪಾತ್ರದಲ್ಲೂ ಸುಮ್ಮನೆ ಮಲಗುತ್ತಿರಲಿಲ್ಲ ಅಂತ ಬೈಸಿಕೊಂಡಿದ್ದರಂತೆ. ಅಮೆರಿಕಕ್ಕೆ ಟೂರ್ ಬಂದ ಕಂಪನಿ ಅರ್ಧ ದಾರಿಯಲ್ಲಿ ಮುಚ್ಚಿಹೋಗಿ, ಇವರು ಇಲ್ಲೇ ಉಳಿದರು. ಈಗ ಅರವತ್ತೆಂಟು. ಜೀವನದಲ್ಲಿ ಉಳಿದಿದ್ದು ಒಂದೇ ಆಸೆ: ವಾಷಿಂಗ್ಟನ್‌ನ ದೊಡ್ಡ ರಂಗಮಂದಿರವೊಂದರಲ್ಲಿ ಮುದಿ ರಾಜನ ಪಾತ್ರ. ಆದರೆ ಇವರು ಮಾತು ಮರೆಯುತ್ತಾರೆ ಅನ್ನುವ ಸುದ್ದಿ ವಾಷಿಂಗ್ಟನ್‌ವರೆಗೂ ಹೋಗಿತ್ತು. ಅಲ್ಲಿನ ನಿರ್ದೇಶಕರು ಹೇಳಿದ್ದರಂತೆ: "ಷಾರ್ಲೆಟ್‌ನಲ್ಲಿ ನಿಮ್ಮ ಮುಂದಿನ ನಾಟಕದ ಮೊದಲ ಪ್ರದರ್ಶನಕ್ಕೆ ಬರುತ್ತೇನೆ. ಪ್ರಾಂಪ್ಟರ್ ಧ್ವನಿ ಒಂದೇ ಒಂದು ಸಲವೂ ಕೇಳಿಸದೆ ಮುಗಿದರೆ ಪಾತ್ರ ನಿಮ್ಮದು."

ಅದಕ್ಕೇ ಈ ನಡಿಗೆ. ಕಾಲು ನಿಂತರೆ ಮಾತೂ ನಿಲ್ಲುತ್ತದೆ ಅನ್ನುವ ಭಯ ಅವರಿಗೆ. ನಾನು ಮತ್ತೆ ಮೂವತ್ತೊಂದನೇ ಪುಟ ತೆಗೆದೆ.

ಎರಡು ಗಂಟೆ ಬಿಟ್ಟು ಕೆಳಗೆ ಬಂದೆ. ಯಜಮಾನರು ತಲೆ ಒತ್ತಿಕೊಂಡು ಕೂತಿದ್ದರು.

"ಹೇಳಿದ್ಯಾ?"

"ಹೇಳಿದೆ. ನಾಳೆ ಹತ್ತು ಗಂಟೆಗೆ ಮತ್ತೆ ಹೋಗ್ಬೇಕು."

"ಹಾಳಾಗ್ ಹೋಗ್ಲಿ. ಆದ್ರೆ ಒಂದ್ ವಿಷ್ಯ ಹೇಳು. ಇಷ್ಟು ದಿನ ಮೇಲೆ ಒಬ್ರು ನಡೀತಿದ್ರು. ಇವತ್ತು ಇಬ್ರು ನಡೀತಿದ್ದಂಗೆ ಕೇಳಿಸ್ತಲ್ಲ?"

ಮೂರು ಸುತ್ತು

ಹೀಗೆ ನಾನು ಸಂಬಳವಿಲ್ಲದ ಪ್ರಾಂಪ್ಟರ್ ಆದೆ. ಅವರನ್ನು ಮನೆಯಲ್ಲಿ ರಾಯರು ಅಂತ ಕರೆಯತೊಡಗಿದೆವು. ಅಟ್ಲಾಂಟಾದ ಹಳೇ ಚರ್ಚ್ ಹಾಲೊಂದರಲ್ಲಿ ಆರು ವಾರದ ರಿಹರ್ಸಲ್. ಮೊದಲ ದಿನ ನನ್ನ ಕಾರು ಕೆಟ್ಟಿತ್ತು. ಪಕ್ಕದ ಬ್ಲಾಕಿನ ಧಾರವಾಡದ ಡಾಕ್ಟರ್ ಅಂಕಲ್, ಆಂಟಿ ಡ್ರಾಪ್ ಮಾಡಿ ಹೊರಗೇ ಕಾಯುತ್ತಿದ್ದರು. ಶುಭಾರಂಭ ಅಂತ ನಾನು ಮೈಸೂರಿನಿಂದ ತಂದಿದ್ದ ನವಿಲುಗರಿ ಬೀಸಣಿಗೆಯನ್ನು ರಾಯರ ಕೈಗಿಟ್ಟೆ.

ಹಾವು ಮುಟ್ಟಿದವರ ಹಾಗೆ ಅವರು ಹಿಂದಕ್ಕೆ ಹಾರಿದರು. ಇಂಗ್ಲಿಷ್ ರಂಗಭೂಮಿಯವರಿಗೆ ನವಿಲುಗರಿಯಂಥ ಅಪಶಕುನ ಇನ್ನೊಂದಿಲ್ಲವಂತೆ! ನಮ್ಮ ಕೃಷ್ಣ ತಲೆ ಮೇಲೇ ಇಟ್ಟುಕೊಳ್ಳುತ್ತಾನೆ ಅಂದೆ. "ಅವನು ಷಾರ್ಲೆಟ್‌ನಲ್ಲಿ ನಾಟಕ ಆಡಬೇಕಾಗಿಲ್ಲ" ಅಂದರು. ಪರಿಹಾರವೂ ಇತ್ತು. ತಪ್ಪು ಮಾಡಿದವರು ಹೊರಗೆ ಹೋಗಿ, ಕಟ್ಟಡವನ್ನು ಮೂರು ಸುತ್ತು ಹಾಕಿ, ಬಾಗಿಲು ಬಡಿದು, ಒಳಗೆ ಬರಲೇ ಅಂತ ಕೇಳಬೇಕು.

ಇಷ್ಟೇ ತಾನೇ ಅಂತ ಹೊರಟೆ. ಶುಕ್ರವಾರ ಗುಡಿ ಸುತ್ತಿ ಅಭ್ಯಾಸ ಇದ್ದವಳು, ಕೈ ತಾನಾಗಿ ಮುಗಿದುಕೊಂಡಿತು. ಎರಡನೇ ಸುತ್ತಿನಲ್ಲಿ ಹಿಂದೆ ಹೆಜ್ಜೆ ಸಪ್ಪಳ. ತಿರುಗಿ ನೋಡಿದರೆ ಅಂಕಲ್, ಆಂಟಿ ಇಬ್ಬರೂ ಕೈಮುಗಿದುಕೊಂಡು ಬರುತ್ತಿದ್ದಾರೆ!

"ಯಾವ ದೇವರವಾ ಇದು?" ಅಂತ ಅಂಕಲ್ ಮೆಲ್ಲಗೆ ಕೇಳಿದರು.

"ದೇವ್ರಲ್ಲ ಅಂಕಲ್, ನಾಟಕದ್ದು."

"ಯಾವ್ದರ ಇರಲಿ, ಬೂಟ್ ಬಿಚ್ಚಬೇಕಿತ್ತಿಲ್ಲೋ? ಮೊದಲ ಹೇಳಬಾರದೇನು?"

ಆಂಟಿ ಕಣ್ಣುಮುಚ್ಚಿ ಏನೋ ಬೇಡಿಕೊಳ್ಳುತ್ತಾ ಮೂರೂ ಸುತ್ತು ಮುಗಿಸಿದರು. ಹತ್ತು ದಿನ ಕಳೆದು ಅವರದೇ ಫೋನು ಬಂತು. "ಮಗಳಿಗೆ ಮೆಡಿಕಲ್ ಸೀಟ್ ಆತವಾ! ನಮ್ಮ ಮಂದಿ ಒಂದ್ ನಾಲ್ಕ್ ಮನಿಯವರು ಕೇಳಾಕತ್ತಾರ. ಆ ಗುಡಿ ಯಾವ ವಾರ ತೆರದಿರ್ತದ?"

ಖಾಲಿ ಸಿಂಹಾಸನ

ರಿಹರ್ಸಲ್ ನಡುವೆ ಯುಗಾದಿ ಬಂತು. ಹತ್ತಿರದ ಸುವಾನಿ ಊರಿನ ಶಾಲೆಯೊಂದರ ಹಾಲಿನಲ್ಲಿ ನಮ್ಮ ಕನ್ನಡದವರ ಪೌರಾಣಿಕ ನಾಟಕ. ರಾಯರಿಗೆ ಸ್ವಲ್ಪ ಮನಸ್ಸು ಹಗುರಾಗಲಿ ಅಂತ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಹೋಳಿಗೆ ತಿಂದರು. "ಐವತ್ತು ವರ್ಷದಲ್ಲಿ ನಾಟಕಕ್ಕೆ ಮೊದಲು ಪ್ರೇಕ್ಷಕರಿಗೆ ಊಟ ಹಾಕಿದ್ದನ್ನು ನೋಡಿರಲಿಲ್ಲ. ಈಗ ಯಾರು ಎದ್ದು ಹೋಗುತ್ತಾರೆ? ಜಾಣರು ನೀವು" ಅಂದರು.

ರಾಜನ ಪಾತ್ರದವರು ಕಂಪನಿಯೊಂದರಲ್ಲಿ ಕಂಪ್ಯೂಟರ್ ಸಪೋರ್ಟು. ಕಿರೀಟ, ಮೀಸೆ, ಗದೆ ಎಲ್ಲ ಇತ್ತು, ಜೊತೆಗೆ ಸೊಂಟದ ಪಟ್ಟಿಯೊಳಗೆ, ಆಫೀಸಿನವರು ಕರೆದಾಗ ಕೂಗುವ ಪೇಜರ್. ಯುದ್ಧ ಘೋಷಿಸುವ ಹೊತ್ತಿಗೆ ಅದು ಕಿರುಚಿತು. ಮಹಾರಾಜರು ಪೇಜರ್ ನೋಡಿ, "ಸೇನಾಪತಿ, ಟೂ ಮಿನಿಟ್ಸ್" ಅಂದವರೇ ಹೊರಗಿನ ಪೇ ಫೋನಿಗೆ ಓಡಿದರು.

ಎರಡು ನಿಮಿಷ ಹತ್ತಾಯಿತು. ಸೇನಾಪತಿ ಕತ್ತಿ ಹಿಡಿದು ನಿಂತೇ ಇದ್ದ. ಖಾಲಿ ರಂಗವನ್ನು ರಾಯರು ಸಹಿಸುವುದುಂಟೇ? ನಾನು ಹಿಡಿದುಕೊಳ್ಳುವಷ್ಟರಲ್ಲಿ ಮೆಟ್ಟಿಲು ಹತ್ತಿ, ಸಿಂಹಾಸನದ ಮುಂದೆ ಅತ್ತಿಂದಿತ್ತ ನಡೆಯುತ್ತಾ ಹಳೇ ಕಾಲದ ನಾಟಕದ ಇಂಗ್ಲಿಷಿನಲ್ಲಿ ಗುಡುಗತೊಡಗಿದರು. ಏನು ಹೇಳಿದರೋ ಯಾರಿಗೂ ತಿಳಿಯಲಿಲ್ಲ, ಆದರೆ ಯುದ್ಧ ಆಗಲೇಬೇಕು ಅಂತ ಸಭೆಗೆ ಸಭೆಯೇ ಒಪ್ಪಿತು. ಆಗ ನಿಜವಾದ ರಾಜರು ಏದುಸಿರು ಬಿಡುತ್ತಾ ಬಂದರು. "ಸರ್, ದಟ್ಸ್ ಮೈ ಸೀನ್" ಅಂದರು. ರಾಯರು ಅವರನ್ನು ಮೇಲಿಂದ ಕೆಳಗೆ ನೋಡಿ, ಸೇನಾಪತಿಯತ್ತ ತಿರುಗಿ ಬಾಗಿಲ ಕಡೆ ಬೆರಳು ತೋರಿಸಿದರು. ಸೇನಾಪತಿ ಏನು ಮಾಡಿಯಾನು, ರಾಜಾಜ್ಞೆ. ಮಹಾರಾಜರ ರಟ್ಟೆ ಹಿಡಿದು ಹೊರಗೆ ಬಿಟ್ಟುಬಂದ.

ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು, ಊರಿನಿಂದ ಮೊನ್ನೆ ತಾನೇ ಬಂದಿದ್ದ ಆ ಮಹಾರಾಜರ ಅತ್ತೆ.

ಪೆಟ್ರೋಲ್ ಬಂಕಿನ ತೀರ್ಪು

ಪ್ರದರ್ಶನದ ದಿನ ಬೆಳಗ್ಗೆ ರಾಯರನ್ನು ಕೂರಿಸಿಕೊಂಡು ನಾನೇ ಡ್ರೈವ್ ಮಾಡುತ್ತಾ, ನಾಲ್ಕು ಗಂಟೆ ದಾರಿಯ ಷಾರ್ಲೆಟ್‌ಗೆ ಹೊರಟೆ. ಯಜಮಾನರಿಗೆ ಆಫೀಸಿತ್ತು, ಬರಲಾಗಲಿಲ್ಲ. ದಾರಿಯುದ್ದಕ್ಕೂ ರಾಯರು ಸೀಟ್ ಬೆಲ್ಟ್ ಬಿಚ್ಚುವುದು, ಕಟ್ಟುವುದು, ಕಿಟಕಿ ಇಳಿಸುವುದು, ಏರಿಸುವುದು. ಸೌತ್ ಕೆರೊಲಿನಾದಲ್ಲಿ ಪೆಟ್ರೋಲ್ ಹಾಕಿಕೊಳ್ಳಲು ನಿಲ್ಲಿಸಿದ್ದೇ ತಡ, ಕೆಳಗೆ ಹಾರಿ ಮಗಳನ್ನು ಮನೆಯಿಂದ ಹೊರಹಾಕುವ ದೃಶ್ಯ ಶುರು ಮಾಡಿದರು. ನಾನು ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಸ್ಕ್ರಿಪ್ಟು ಹಿಡಿದು ಮಗಳಾದೆ. ಅವರು ಕೂಗಿದರು, ನಾನೂ ಕೂಗಿದೆ. ಅಂಗಡಿಯ ಹೆಂಗಸು ಪೊಲೀಸರಿಗೆ ಫೋನ್ ಮಾಡಿದಳು.

ಬಂದ ಪೊಲೀಸ್ ಗಾಬರಿಯಿಂದ ರಾಯರನ್ನು ಕೇಳಿದ. "ಸರ್, ಈಕೆ ನಿಮ್ಮ ಮಗಳೇ?"

"ನಲವತ್ತೆರಡನೇ ಪುಟದವರೆಗೆ" ಅಂದರು ರಾಯರು.

ಇದು ನಾಟಕ ಅಂತ ನಾನು ಆಣೆ ಪ್ರಮಾಣ ಮಾಡಿದೆ. ನಂಬಲಿಲ್ಲ. ಹಾಗಾದರೆ ಮಾಡಿ ತೋರಿಸಿ ಅಂದ. ಸರಿ, ಮೊದಲಿನಿಂದ ಇಡೀ ದೃಶ್ಯ ಆಡಿದೆವು. ರಾಯರು ಒಂದಕ್ಷರ ತಪ್ಪಲಿಲ್ಲ. ಮುಗಿಯುವಷ್ಟರಲ್ಲಿ ಆ ಆಜಾನುಬಾಹು ಪೊಲೀಸ್ ಟೋಪಿ ತೆಗೆದು ಕಣ್ಣು ಒರೆಸಿಕೊಂಡ. ರಾಯರ ಕೈ ಕುಲುಕಿದ. ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ: "ಏನೇ ಆಗಲಿ ಮೇಡಂ, ಹೆತ್ತ ತಂದೆಗೆ ಹಾಗೆ ಎದುರು ಮಾತಾಡಬಾರದು."

ಕೊನೆಯ ಮಾತು

ಇಂಗ್ಲಿಷ್ ರಂಗಭೂಮಿಯ ಹಳಬರಲ್ಲಿ ಇನ್ನೊಂದು ಶಾಸ್ತ್ರ ಇದೆ. ನಾಟಕದ ಕಟ್ಟಕಡೆಯ ಮಾತನ್ನು ರಿಹರ್ಸಲ್‌ನಲ್ಲಿ ಆಡುವ ಹಾಗಿಲ್ಲ. ಪ್ರೇಕ್ಷಕರಿಲ್ಲದೆ ನಾಟಕ ಪೂರ್ತಿಯಾಗಬಾರದಂತೆ. ನಮ್ಮ ನಾಟಕದ ಕೊನೆಯಲ್ಲಿ ಸಾಯುತ್ತಾ ಮಲಗಿದ ಮುದುಕ ಮಗಳನ್ನು ಕ್ಷಮಿಸಿ, "ದೀಪ ಆರಿಸು ಮಗಳೇ, ನಾನಿನ್ನು ಯಾರ ದಾರಿಯನ್ನೂ ಕಾಯಬೇಕಾಗಿಲ್ಲ" ಅನ್ನಬೇಕು. ಆರು ವಾರದಲ್ಲಿ ರಾಯರು ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಆ ಜಾಗಕ್ಕೆ ಬಂದಾಗಲೆಲ್ಲ ನನ್ನ ಕಡೆ ತಿರುಗಿ, "ಎರಡು ಚಮಚ ಸಕ್ಕರೆ" ಅನ್ನುತ್ತಿದ್ದರು. ನಾನು ಟೀ ತೆಗೆದುಕೊಂಡು ಹೋಗುತ್ತಿದ್ದೆ. ಅಲ್ಲಿಗೆ ರಿಹರ್ಸಲ್ ಮುಗಿಯಿತು ಅಂತ ಅರ್ಥ.

ಅವತ್ತು ಸಂಜೆ ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ವಾಷಿಂಗ್ಟನ್ ನಿರ್ದೇಶಕರು. ನಾನು ಹಳದಿ ಮೈಸೂರು ರೇಷ್ಮೆ ಸೀರೆ ಉಟ್ಟು, ವಿಂಗಿನಲ್ಲಿ ಸ್ಕ್ರಿಪ್ಟ್ ಹಿಡಿದು, ತುಟಿ ಕಚ್ಚಿಕೊಂಡು ನಿಂತಿದ್ದೆ. ನಾಟಕ ಮುಗಿದ ಕೂಡಲೇ ಕೊಡಲು ಬಿಸಿ ಟೀ ಬಗ್ಗಿಸಿ ಇಟ್ಟಿದ್ದೆ. ಮೊದಲ ಅಂಕ, ಎರಡನೇ ಅಂಕ, ಮಗಳನ್ನು ಹೊರಹಾಕುವ ದೃಶ್ಯ, ರಾಯರು ಎಲ್ಲೂ ಎಡವಲಿಲ್ಲ. ಜನ ಮೂಗು ಒರೆಸಿಕೊಳ್ಳುವುದು ಕೇಳಿಸುತ್ತಿತ್ತು. ಇನ್ನೇನು ಗೆದ್ದೆವು ಅಂದುಕೊಂಡೆ.

ಮುದುಕ ಹಾಸಿಗೆಯಲ್ಲಿ ತಲೆ ಎತ್ತಿದ. ಮಗಳನ್ನು ನೋಡಿದ. ಇಡೀ ಸಭೆ ಉಸಿರು ಹಿಡಿಯಿತು. ಆಮೇಲೆ ಮೆಲ್ಲಗೆ ವಿಂಗಿನ ಕಡೆ ತಿರುಗಿ, ಕಲ್ಲೂ ಕರಗುವ ಧ್ವನಿಯಲ್ಲಿ ಅಂದ:

"ಎರಡು ಚಮಚ ಸಕ್ಕರೆ."

ಅವರಾದರೂ ಮುದುಕರು, ಮರೆತರು. ನನಗೇನಾಗಿತ್ತು ಧಾಡಿ? ಆರು ವಾರದ ಅಭ್ಯಾಸ, ಕಪ್ಪು ಎತ್ತಿಕೊಂಡು ಸೀದಾ ನಡೆದುಬಿಟ್ಟೆ. ಅರ್ಧ ರಂಗ ದಾಟಿದ ಮೇಲೆ ಮುಖದ ಮೇಲೆ ಬೆಳಕು ಬಿತ್ತು, ಆಗ ಎಚ್ಚರವಾಯಿತು. ಪ್ರಾಂಪ್ಟರ್ ಧ್ವನಿ ಕೇಳಿಸಬಾರದು ಅಂದಿದ್ದರು. ಪ್ರಾಂಪ್ಟರೇ ಸೀರೆ ಉಟ್ಟುಕೊಂಡು ಬಂದು ನಿಂತಿದ್ದೆ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ನನ್ನನ್ನು ನೋಡಿದ ರಾಯರ ಕಣ್ಣಿನಲ್ಲಿ ಒಂದು ಕ್ಷಣ ಭಯ ಕಾಣಿಸಿತು. ಆಮೇಲೆ ಎರಡೂ ಕೈ ಚಾಚಿ ಕಪ್ಪು ತೆಗೆದುಕೊಂಡರು. ಒಂದೇ ಒಂದು ಗುಟುಕು ಕುಡಿದರು. ಕಪ್ಪು ನನ್ನ ಕೈಗೆ ವಾಪಸ್ ಇಟ್ಟು, ತಲೆ ವಾಲಿಸಿ ಸತ್ತುಹೋದರು. ಮಗಳ ಪಾತ್ರದ ಹುಡುಗಿ ಬೊಂಬೆಯಾಗಿದ್ದಳು. ದೀಪವಂತೂ ಆರಲೇಬೇಕಿತ್ತು, ನಾನೇ ಆರಿಸಿದೆ.

ಪರದೆ ಬಿತ್ತು. ಹೊರಗೆ ಚಪ್ಪಾಳೆಯೋ ಗಲಾಟೆಯೋ, ನನ್ನ ತಲೆಗೆ ಹೋಗಲಿಲ್ಲ. ಗ್ರೀನ್ ರೂಮಿನಲ್ಲಿ ಗೊಳೋ ಅಂತ ಅತ್ತೆ. "ಸರ್, ನಿಮ್ಮ ಬಾಳಿಗೆ ನಾನೇ ಕಲ್ಲು ಹಾಕಿದೆ." ರಾಯರು ಕುರ್ಚಿಯಲ್ಲಿ ಕಾಲೂ ಅಲ್ಲಾಡಿಸದೆ ಕೂತಿದ್ದರು. ಅವರನ್ನು ಹಾಗೆ ನಾನು ನೋಡಿದ್ದು ಅದೇ ಮೊದಲು. ನನಗೆ ಇನ್ನಷ್ಟು ಅಳು ಬಂತು.

ಬಾಗಿಲು ತೆರೆದುಕೊಂಡು ನಿರ್ದೇಶಕರು ಬಂದರು. ಕಣ್ಣು ಕೆಂಪಾಗಿತ್ತು.

"ಪಾತ್ರ ನಿಮ್ಮದು. ಮುಂದಿನ ತಿಂಗಳು ವಾಷಿಂಗ್ಟನ್‌ಗೆ ಬನ್ನಿ" ಅಂದರು. ನಂತರ ನನ್ನ ಕಡೆ ನೋಡಿ ಧ್ವನಿ ತಗ್ಗಿಸಿದರು. "ಹಳದಿ ಬಟ್ಟೆಯಲ್ಲಿ ಬಂದ ಈಕೆ ಮೃತ್ಯುದೇವತೆ ಅಲ್ಲವೇ?"

ರಾಯರು ನಿಧಾನವಾಗಿ ಎದ್ದು ನಿಂತರು. "ಹೌದು. ನಾರ್‌ಕ್ರಾಸ್‌ನಿಂದ ಕರೆಸಿದ್ದೇನೆ."

"ಈ ಪಾತ್ರವನ್ನು ಎಷ್ಟೋ ನಟರು ಮಾಡಿದ್ದು ನೋಡಿದ್ದೇನೆ. ಎಲ್ಲರೂ ಆ ದೀಪದ ಮಾತು ಹೇಳಿಯೇ ಸತ್ತರು. ಅದನ್ನು ಬಿಟ್ಟು, ಸಾಯುವ ಗಳಿಗೆಯಲ್ಲಿ ಸಕ್ಕರೆ ಕೇಳುವುದು... ಇಷ್ಟು ಸಹಜವಾಗಿ ಹೇಗೆ ಬಂತು ನಿಮಗೆ?"

ರಾಯರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಗಂಭೀರವಾಗಿ ಹೇಳಿದರು:

"ಸುಮ್ಮನೆ ಬರುವುದಿಲ್ಲ ಸ್ವಾಮಿ. ಬರೀ ಅದೊಂದು ಮಾತಿಗೇ ಆರು ವಾರ ರಿಹರ್ಸಲ್ ಮಾಡಿದ್ದೇವೆ."